ಹಾಜರಿ ಪುಸ್ತಕ ಇನ್ನು ನಿಮ್ಮದು
(ವರ್ಷಾಂತ್ಯದ ಬೀಳ್ಕೊಡುಗೆ ಸಮಾರಂಭದಲ್ಲಿ ಮುಖ್ಯಗುರುಗಳು ಆಡಿದ ಮಾತು)



ಶಾಲು ಹೊದಿಸಿ ಗೌರವಿಸಿದ್ದೀರಿ, ಶರಣು. ಹೋಗುವ ಮುನ್ನ ಊರಿಗೆ ಒಂದು ಕೆಲಸ ಒಪ್ಪಿಸುತ್ತೇನೆ.

ನಮ್ಮ ಸಿರುಗುಪ್ಪ ಸೀಮೆಗೆ ತುಂಗಭದ್ರೆ ಅನ್ನ ಕೊಟ್ಟಿದ್ದಾಳೆ. ಭತ್ತ, ಹತ್ತಿ, ಮೆಣಸಿನಕಾಯಿ ಎಲ್ಲವೂ ಬೆಳೆಯುತ್ತವೆ. ಆದರೆ ಮೆಣಸಿನಕಾಯಿ ಬಿಡಿಸುವ ಕಾಲವೂ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಕಾಲವೂ ಒಂದೇ. ಆಗ ಹಾಜರಿ ಪುಸ್ತಕದಲ್ಲಿ ಮೊದಲು ಗೈರಾಗುವವರು ಹೆಣ್ಣುಮಕ್ಕಳು. ಕೆಲವರು ಕೂಲಿಗೆ, ಕೆಲವರು ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಕೆಲವರು ಮದುವೆಯ ಮಾತುಕತೆಗೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹತ್ತನೆಯ ತರಗತಿಯವರು ಆ ವಯಸ್ಸು ದಾಟಿರುತ್ತಾರೆ. ಅಲ್ಲಿಂದ ಮುಂದೆ ಅವರನ್ನು ಕಾಯಬೇಕಾದದ್ದು ಊರು. 371(ಜೆ) ವಿಧಿಯಿಂದ ನಮ್ಮ ಬಳ್ಳಾರಿ ಜಿಲ್ಲೆಗೂ ಸೀಟು, ನೌಕರಿಗಳಲ್ಲಿ ಮೀಸಲಾತಿ ಇದೆ. ಹತ್ತನೆಯದನ್ನೇ ಮುಗಿಸದ ಮಗುವಿಗೆ ಅದು ಇದ್ದೂ ಇಲ್ಲದಂತೆ.

ಹಳೆಯ ವಿದ್ಯಾರ್ಥಿಗಳೆ, ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಿರಿ, ಸಂತೋಷ. ಜೊತೆಗೆ ಜನವರಿಯಿಂದ ಮಾರ್ಚ್‌ವರೆಗೆ ಓಣಿಗೊಬ್ಬರು ಗೈರಾದ ಮಕ್ಕಳ ಮನೆಗೆ ಹೋಗಿ ಬನ್ನಿ. "ಹುಡುಗಿ ಸಾಲಿಗೆ ಯಾಕ ಬಂದಿಲ್ಲವ್ವ?" ಎಂದು ಇಷ್ಟು ವರ್ಷ ಶಿಕ್ಷಕರು ಕೇಳಿದೆವು. ಇನ್ನು ನೀವೂ ಕೇಳಿರಿ.