ಕೋಳಿಯ ಜಗಳ, ಗಾಡಿಗೆ ಬರೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಫಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಒಬ್ಬನೇ ಹೋದರೆ ಕೇಳುವವರಿಲ್ಲ, ನಿಜ. ಊರೇ ಒಟ್ಟಾಗಿ ಹೋದರೆ? ದೇಶಗಳು ವ್ಯಾಪಾರದ ಒಕ್ಕೂಟ ಕಟ್ಟಿಕೊಳ್ಳುವುದು ಇದಕ್ಕೇ.

ಯೂರೋಪಿನ ಆರು ದೇಶಗಳು 1957ರಲ್ಲಿ ರೋಮ್ ನಗರದಲ್ಲಿ ಇಂಥದೊಂದು ಒಪ್ಪಂದಕ್ಕೆ ಸಹಿ ಹಾಕಿದುವು. ಒಳಗೆ ತಮ್ಮತಮ್ಮಲ್ಲಿ ಸುಂಕ ತೆಗೆಯುವುದು, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕದ ಕಟ್ಟೆ. ಆ ಕಾಲದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಗೆ ಹೇರಳವಾಗಿ ಬರುತ್ತಿತ್ತು. ತಮ್ಮ ಕೋಳಿ ಸಾಕುವವರು ಬದುಕಲಿ ಅಂತ ಒಕ್ಕೂಟದವರು 1962ರಲ್ಲಿ ಸುಂಕ ಏರಿಸಿದರು. ಅಮೆರಿಕದ ಕೋಳಿ ವ್ಯಾಪಾರ ಕುಸಿಯಿತು.

ಜಗಳ ಪಂಚಾಯತಿಗೆ ಹೋಯಿತು. ಅಮೆರಿಕದ ನಷ್ಟ 2 ಕೋಟಿ 60 ಲಕ್ಷ ಡಾಲರು ಅಂತ 1963ರಲ್ಲಿ ತೀರ್ಮಾನವಾಯಿತು. ಅದಕ್ಕೆ ಪ್ರತಿಯಾಗಿ ಅಮೆರಿಕ ಆಲೂಗಡ್ಡೆ ಪಿಷ್ಟ, ಬ್ರಾಂದಿ ಮುಂತಾದುವುಗಳ ಜೊತೆಗೆ ಸರಕುಗಾಡಿಗಳ ಮೇಲೂ ಸುಂಕ ಹಾಕಿತು. ಗಾಡಿಗೆ ನೂರಕ್ಕೆ 25. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೋಳಿಗೂ ಗಾಡಿ ಕಾರ್ಖಾನೆಗೂ ಏನು ಸಂಬಂಧ, ಹೇಳಿ? ಕೋಳಿಯ ಜಗಳ ಜನಕ್ಕೆ ಮರೆತುಹೋಯಿತು. ಗಾಡಿಯ ಸುಂಕ 60 ವರ್ಷ ಕಳೆದು 2024ರಲ್ಲೂ ಇತ್ತು.

ಒಕ್ಕೂಟ ಬೆಳೆದು 28 ದೇಶಗಳಾಗಿದ್ದಾಗ, 2018ರಲ್ಲಿ, ಅಮೆರಿಕ ಉಕ್ಕಿಗೆ ನೂರಕ್ಕೆ 25, ಅಲ್ಯೂಮಿನಿಯಮ್ಮಿಗೆ ನೂರಕ್ಕೆ 10 ಸುಂಕ ಹಾಕಿತು. ಒಕ್ಕೂಟ ಸುಮ್ಮನಿರಲಿಲ್ಲ. ಅಮೆರಿಕದ ಮೋಟಾರ್ ಸೈಕಲ್ಲು, ವಿಸ್ಕಿ, ಕಿತ್ತಲೆ ರಸ, ಕಡಲೆಕಾಯಿ ಬೆಣ್ಣೆಗಳ ಮೇಲೆ ತಾನೂ ಸುಂಕ ಹೇರಿತು. ಉಕ್ಕಿನ ಜಗಳದಲ್ಲಿ ಕಿತ್ತಲೆ ಬೆಳೆಗಾರನೂ ಸಿಕ್ಕಿಕೊಂಡ ನೋಡಿ.

ಸೇಡಿನಿಂದಲೇ ಹೊಟ್ಟೆ ತುಂಬುವುದಿಲ್ಲ. ಒಂದು ಸಂತೆ ಮುಚ್ಚಿದರೆ ಇನ್ನೊಂದು ಬೇಕು. ಜಪಾನಿನೊಡನೆ ಮಾಡಿಕೊಂಡ ಒಪ್ಪಂದ 2019ರಲ್ಲಿ ಜಾರಿಗೆ ಬಂತು. ದಕ್ಷಿಣ ಅಮೆರಿಕದ ಮೆರ್ಕೊಸುರ್ ಒಕ್ಕೂಟದೊಡನೆ 1999ರಲ್ಲಿ ಶುರುವಾದ ಮಾತುಕತೆ ಒಂದು ನೆಲೆಗೆ ಬಂದದ್ದು 2024ರ ಡಿಸೆಂಬರಿನಲ್ಲಿ. ಆದರೆ ಹೊಸ ಬಾಗಿಲು ತೆರೆದರೆ ಒಳಕ್ಕೂ ಮಾಲು ಬರುತ್ತದಲ್ಲ! ಅಗ್ಗದ ದನದ ಮಾಂಸ ಬಂದೀತು ಅಂತ ಫ್ರಾನ್ಸಿನ ರೈತರು ಟ್ರ್ಯಾಕ್ಟರುಗಳೊಡನೆ ಬೀದಿಗಿಳಿದರು. ಒಕ್ಕೂಟದ ಲಾಭ ಎಲ್ಲರ ಮನೆಗೂ ಸಮನಾಗಿ ಬರುವುದಿಲ್ಲ.

ನಮಗೇಕೆ ಈ ಮಾತು ಅನ್ನಬೇಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಇಟಲಿಗೂ ಜರ್ಮನಿಗೂ ಹೋಗುತ್ತದೆ. ಮಳೆ ಹೇಗೆ ಅಂತ ವಿಚಾರಿಸುವ ಹಾಗೆ, ನಮ್ಮ ಮಾಲು ಎಲ್ಲಿಗೆ ಹೋಗುತ್ತದೆ, ಅಲ್ಲಿ ಸುಂಕ ಎಷ್ಟು ಅಂತಲೂ ಸಹಕಾರ ಸಂಘದಲ್ಲಿ ವಿಚಾರಿಸಿ. ಒಂದೇ ಸಂತೆಯನ್ನು ನೆಚ್ಚಿಕೊಳ್ಳಬೇಡಿ. ಕೇಳುವ ಮಾತನ್ನು ಒಬ್ಬೊಬ್ಬರೇ ಕೇಳದೆ ಒಟ್ಟಾಗಿ ಕೇಳಿ.