ನಮ್ಮ ಜಿಲ್ಲೆಯ ವಯಸ್ಸು



2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21,77,331. ನೂರಕ್ಕೆ ಸುಮಾರು 15 ಮಂದಿ ಆರು ವರ್ಷದೊಳಗಿನ ಮಕ್ಕಳು; ಇಡೀ ರಾಜ್ಯದಲ್ಲಿ ಸುಮಾರು 12. ಆಗಿನ ಕೂಸುಗಳೇ ಈಗ ಓದುವ, ಮದುವೆಯ ಮಾತು ಬರುವ ವಯಸ್ಸಿನವರು.

2021ರ ಗಣತಿ ನಡೆಯಲೇ ಇಲ್ಲ, 2027ಕ್ಕೆ ಹೋಯಿತು. ಗಣತಿಯವರು ಬಾಗಿಲಿಗೆ ಬಂದಾಗ ನಾವು ಏನಂತೀವಿ ಹೇಳ್ರಿ? ‘ಅತ್ತೆಗೆ ಅರವತ್ತು ಬರ್ಕೊಳ್ರಿ’ ಅಂತ ಅಂದಾಜು. ಹದಿನಾರರ ಸೊಸೆಗೂ ‘ಹದಿನೆಂಟು’ ಅಂದುಬಿಡ್ತೀವಿ. ಅಲ್ಲಿಗೆ ಆ ಹುಡುಗಿಯ ಬಾಲ್ಯವಿವಾಹ ಲೆಕ್ಕದಲ್ಲಿ ಕಾಣೋದೇ ಇಲ್ಲ. ಇದು ಸಣ್ಣ ಸುಳ್ಳಲ್ಲ ಅಂತ ನಾವು ತಿಳಿದಿದ್ದೇವೆ.

ಅತ್ತೆಯ ವಯಸ್ಸು ಗೊತ್ತಿಲ್ಲವೇ? ‘1972ರ ಬರದಾಗ ನಿಮಗ ಲಗ್ನ ಆಗಿತ್ತೇನ್ರಿ?’ ಅಂತ ಕೇಳಿರಿ. ವೃದ್ಧಾಪ್ಯ ವೇತನಕ್ಕೂ ವಯಸ್ಸೇ ಆಧಾರ. ವಾರದ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಒಂದೊಂದು ಮನೆಯವರ ವಯಸ್ಸನ್ನೂ ಬರೆದಿಡೋಣ.