ಮನಸ್ಸಿನ ಬೇನೆ, ಸಮ್ಮೋಹನ ಚಿಕಿತ್ಸೆ ಮತ್ತು ನಮ್ಮ ಈಮಾನ್
(ಉಗಾರ ಖುರ್ದ: ಜುಮಾ ಖುತ್ಬಾದ ಸಾರಾಂಶ)





ಇತ್ತೀಚೆಗೆ ನಮ್ಮ ಜಮಾತಿನ ಮನೆಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಡಾಕ್ಟರು ಹಿಪ್ನೋಥೆರಪಿ ಮಾಡಿಸಿ ನೋಡಿ ಅಂದಿದ್ದಾರೆ. ಇದು ಜಾದೂ ಅಲ್ಲವೇ? ಮಾಡಿಸಿದರೆ ಈಮಾನಿಗೆ ಧಕ್ಕೆ ಬರುವುದಿಲ್ಲವೇ?’ ಕೇಳುವವರು ಹಾಸ್ಯಕ್ಕೆ ಕೇಳುತ್ತಿಲ್ಲ. ಮನೆಯಲ್ಲಿ ಯಾರೋ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಾರೆ, ಯಾರಿಗೋ ಕಾರಣವಿಲ್ಲದೆ ಎದೆ ಡವಡವ ಎನ್ನುತ್ತದೆ, ಯಾರದೋ ಹೊಟ್ಟೆನೋವು ಎಷ್ಟು ಗುಳಿಗೆ ನುಂಗಿದರೂ ಹೋಗುತ್ತಿಲ್ಲ. ಆದ್ದರಿಂದ ಉತ್ತರವನ್ನೂ ಜವಾಬ್ದಾರಿಯಿಂದ ಕೊಡಬೇಕಾಗಿದೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಅಲ್ಲಾಹನು ರೋಗದ ಜೊತೆಗೆ ಅದರ ಮದ್ದನ್ನೂ ಇಳಿಸಿದ್ದಾನೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಈ ಮಾತು ದೇಹಕ್ಕೆ ಮಾತ್ರವೇ? ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ಅವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದರು. ದುಃಖ, ಭಯ, ಕೋಪ, ಬಿಡದೆ ಕಾಡುವ ಯೋಚನೆ, ಇವುಗಳನ್ನು ಅವರು ಚಿಕಿತ್ಸೆ ಬೇಕಾದ ಬೇನೆಗಳೆಂದು ಬಗೆದರು. ಸಾವಿರ ವರ್ಷದ ಹಿಂದೆ ನಮ್ಮ ಹಿರಿಯರಿಗೆ ತಿಳಿದಿದ್ದನ್ನು ನಾವು ಇಂದು ನಾಚಿಕೆಯೆಂದು ಮುಚ್ಚಿಡುತ್ತಿದ್ದೇವೆ.

ಇನ್ನು ಸಮ್ಮೋಹನ ಎಂದರೇನು? ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿರುವ ಹುಡುಗನನ್ನು ತಾಯಿ ಮೂರು ಸಲ ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಕಿವಿ ಕೆಟ್ಟಿಲ್ಲ, ಗಮನವೆಲ್ಲ ಒಂದೇ ಕಡೆ ಸೇರಿದೆ. ಮನುಷ್ಯನ ಗಮನ ಹೀಗೆ ಒಂದೆಡೆ ಸೇರಿದಾಗ ನೋವು, ಭಯ ಹಿಂದೆ ಸರಿಯುತ್ತವೆ. ತಾಬಿಈ ಉರ್ವಾ ಬಿನ್ ಝುಬೈರ್(ರ) ಅವರ ಕಾಲು ಕತ್ತರಿಸಬೇಕಾಗಿ ಬಂದಾಗ ಅವರು ಅಮಲಿನ ಪದಾರ್ಥ ಬೇಡವೆಂದು ಅಲ್ಲಾಹನ ಸ್ಮರಣೆಯಲ್ಲಿ ಮುಳುಗಿದ ಘಟನೆಯನ್ನು ನೀವು ಕೇಳಿದ್ದೀರಿ. ನಮಾಝನ್ನೂ ಸಮ್ಮೋಹನವನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಗಮನಕ್ಕೆ ಇಂಥ ಶಕ್ತಿಯನ್ನು ಇಟ್ಟವನು ಅಲ್ಲಾಹನೇ ಎಂದಷ್ಟೇ ಹೇಳುತ್ತಿದ್ದೇವೆ.

ಚಿಕಿತ್ಸಕರು ಮಾಡುವುದೂ ಇದನ್ನೇ. ರೋಗಿಯನ್ನು ಆರಾಮವಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಉಸಿರಿನ ಮೇಲೆ ಗಮನ ಇಡಿಸಿ, ಮೆಲ್ಲಗೆ ಮಾತಾಡುತ್ತಾ ಮೈಮನ ಸಡಿಲಗೊಳಿಸುತ್ತಾರೆ. ಆ ಸ್ಥಿತಿಯಲ್ಲಿ ಹೇಳಿದ ಒಳ್ಳೆಯ ಸಲಹೆ ಮನಸ್ಸಿಗೆ ಬೇಗ ನಾಟುತ್ತದೆ. ರೋಗಿ ನಿದ್ದೆ ಹೋಗಿರುವುದಿಲ್ಲ, ಮಾತು ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ತೆರೆದು ಎದ್ದು ಬರಬಹುದು. ಎಲ್ಲರಿಗೂ ಇದು ಒಂದೇ ಸಮನಾಗಿ ಹಿಡಿಸುವುದೂ ಇಲ್ಲ.

ಇದರ ಚರಿತ್ರೆಯಲ್ಲಿ ನಮ್ಮ ದೇಶದ ಪುಟವೂ ಇದೆ. ಬಂಗಾಳದ ಹೂಗ್ಲಿಯಲ್ಲಿ ಹಾಜಿ ಮುಹಮ್ಮದ್ ಮೊಹ್ಸಿನ್ ಅವರು 1806ರಲ್ಲಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿದರು. ಅದರಿಂದ ಕಾಲೇಜು ನಡೆಯಿತು, ಇಮಾಂಬಾರಾ ಆಸ್ಪತ್ರೆಯೂ ನಡೆಯಿತು. ಆ ಊರಿನ ವೈದ್ಯರಾಗಿದ್ದ ಜೇಮ್ಸ್ ಎಸ್‌ಡೈಲ್ 1845ರ ಏಪ್ರಿಲ್‌ನಲ್ಲಿ ಒಬ್ಬ ಕೈದಿಗೆ ಈ ಬಗೆಯ ವಿಧಾನದಿಂದ ನೋವು ತಗ್ಗಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಆಗ ಈಥರ್, ಕ್ಲೋರೋಫಾರ್ಮ್ ಇನ್ನೂ ಬಂದಿರಲಿಲ್ಲ. ಅವು ಬಂದ ಮೇಲೆ ಈ ವಿಧಾನ ಹಿಂದೆ ಬಿತ್ತು. ಬ್ರಿಟಿಷ್ ವೈದ್ಯಕೀಯ ಸಂಘವು 1955ರಲ್ಲಿ ಇದರ ಉಪಯೋಗವನ್ನು ಮತ್ತೆ ಒಪ್ಪಿಕೊಂಡಿತು. ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2003ರಲ್ಲಿ ಇದನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿ, ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಮಾಡಬೇಕೆಂದು ಹೇಳಿತು.

ಯಾವುದಕ್ಕೆ ಉಪಯೋಗ? ಪರೀಕ್ಷೆಗಳಲ್ಲಿ ಏನೂ ಕಾಣದೆ ವರ್ಷಗಟ್ಟಲೆ ಕಾಡುವ ಕರುಳಿನ ತೊಂದರೆಗೆ, ಆಪರೇಷನ್ ಮುಂಚಿನ ಭಯಕ್ಕೆ, ಹಲ್ಲು ಕೀಳಿಸುವ ಅಂಜಿಕೆಗೆ, ದೀರ್ಘಕಾಲದ ನೋವು ತಾಳಿಕೊಳ್ಳುವುದಕ್ಕೆ ಇದು ಹಲವರಿಗೆ ನೆರವಾಗಿದೆ. ಗುಟ್ಕಾ, ಬೀಡಿ ಒಂದೇ ದಿನದಲ್ಲಿ ಬಿಡಿಸುತ್ತೇವೆ ಎನ್ನುವ ಜಾಹೀರಾತನ್ನು ಮಾತ್ರ ನಂಬಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ. ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದು ಕಾಣಿಸುವ ತೀವ್ರ ಮನೋರೋಗಕ್ಕೆ ಇದು ಸಲ್ಲುವುದಿಲ್ಲ. ಫಿಟ್ಸ್ ಇರುವವರು ತಮ್ಮ ವೈದ್ಯರನ್ನು ಕೇಳದೆ ಇತ್ತ ಹೋಗಲೇಬಾರದು.

ಈಗ ಶರೀಅತ್ತಿನ ಮಾತು. ಕೆಲವು ಉಲಮಾಗಳು ಇದರಲ್ಲಿ ಜಿನ್ನ್‌ಗಳ ಸಹಾಯವಿದೆಯೆಂದು ತಡೆದಿದ್ದಾರೆ. ಜಿನ್ನ್, ಮಂತ್ರ, ಭವಿಷ್ಯ ಹೇಳುವುದು ಯಾವುದೂ ಇಲ್ಲದೆ ಬರೀ ಚಿಕಿತ್ಸೆಯಾದರೆ ಷರತ್ತುಗಳೊಡನೆ ಆಗಬಹುದೆಂದು ಇನ್ನು ಕೆಲವರು ಹೇಳಿದ್ದಾರೆ. ನಮಗೆ ಎರಡನೆಯ ಮಾತು ಸರಿಯೆನಿಸುತ್ತದೆ. ಹೆಸರು ಕೇಳಿ ತೀರ್ಪು ಕೊಡದೆ, ಒಳಗೆ ಏನು ನಡೆಯುತ್ತಿದೆ ಎಂದು ನೋಡಬೇಕು. ಷರತ್ತುಗಳು ಇವು:

ಒಂದು, ಚಿಕಿತ್ಸೆ ಕೊಡುವವರು ವೈದ್ಯರು ಅಥವಾ ತರಬೇತಾದ ಮನಶ್ಶಾಸ್ತ್ರಜ್ಞರಾಗಿರಬೇಕು. ಪ್ರಮಾಣಪತ್ರ ಕೇಳಿ ನೋಡುವುದು ಬೇಅದಬಿ ಅಲ್ಲ.

ಎರಡು, ಪೂರ್ವಜನ್ಮ ತೋರಿಸುತ್ತೇವೆ, ಕಳೆದ ವಸ್ತು ಎಲ್ಲಿದೆ ಹೇಳುತ್ತೇವೆ, ಮಾಟ ಮಾಡಿದವರ ಹೆಸರು ಹೇಳಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಮೊದಲನೆಯದು ನಮ್ಮ ಅಕೀದಾಕ್ಕೆ ವಿರುದ್ಧ. ಉಳಿದವುಗಳಿಂದ ಮನೆ ಒಡೆಯುತ್ತದೆ. ಸಮ್ಮೋಹನದಲ್ಲಿ ಮನಸ್ಸು ಇಲ್ಲದ ನೆನಪನ್ನೂ ಕಟ್ಟಿಕೊಳ್ಳಬಲ್ಲದು. ಅಂಥ ಮಾತು ನಂಬಿ ಅತ್ತಿಗೆಯ ಮೇಲೋ ನೆರೆಯವರ ಮೇಲೋ ಆರೋಪ ಹೊರಿಸಿದರೆ ನಾಳೆ ಅಲ್ಲಾಹನ ಮುಂದೆ ಯಾರು ಉತ್ತರ ಕೊಡುವರು?

ಮೂರು, ಹೆಣ್ಣುಮಕ್ಕಳ ಜೊತೆ ಮನೆಯವರೊಬ್ಬರು ಇರಬೇಕು. ಮುಚ್ಚಿದ ಕೋಣೆಯಲ್ಲಿ ಪರಪುರುಷನ ಎದುರು ಒಬ್ಬಳೇ ಕೂರಿಸುವುದು ಬೇಡ.

ನಾಲ್ಕು, ನಡೆಯುತ್ತಿರುವ ಗುಳಿಗೆಯನ್ನು ನಿಲ್ಲಿಸಿ ಎಂದು ಹೇಳುವವರ ಮಾತು ಕೇಳಬೇಡಿ. ಅದನ್ನು ನಿರ್ಧರಿಸಬೇಕಾದವರು ಬರೆದುಕೊಟ್ಟ ಡಾಕ್ಟರೇ.

ಸಹೋದರರೇ, ಹಿಪ್ನೋಥೆರಪಿ ಹಲಾಲೋ ಹರಾಮೋ ಎಂದು ಇಷ್ಟು ಎಚ್ಚರದಿಂದ ಕೇಳುವ ನಾವು, ಮನಸ್ಸಿನ ಬೇನೆಯವರನ್ನು ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಹಲಾಲೇ ಎಂದು ಯಾಕೆ ಕೇಳುವುದಿಲ್ಲ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದಾಗ 28 ಮನೋರೋಗಿಗಳು ಸುಟ್ಟು ಸತ್ತರು. ಸರಪಳಿಯಲ್ಲಿದ್ದ ಅವರಿಗೆ ಓಡಿಹೋಗಲು ಆಗಲಿಲ್ಲ. ಅವರನ್ನು ಅಲ್ಲಿ ಬಿಟ್ಟು ಬಂದವರು ಗುಣವಾಗಲೆಂದೇ ಬಿಟ್ಟಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕಾಯ್ದೆ ಬರುವ ಮುಂಚೆಯೂ ನಮ್ಮ ದೀನ್ ದಯೆಯನ್ನೇ ಹೇಳಿತ್ತು.

ಕುರ್‌ಆನ್ ಓದಿ ಊದುವುದು, ದುಆ ಮಾಡುವುದು ಸುನ್ನತ್, ಅದನ್ನು ಬಿಡಬೇಡಿ. ಓದಿಸಲು ಬಂದವರನ್ನು ನಾವು ಓದಿಯೇ ಕಳಿಸುತ್ತೇವೆ, ಆಸ್ಪತ್ರೆಗೂ ಹೋಗಿ ಎಂದು ಹೇಳಿಯೇ ಕಳಿಸುತ್ತೇವೆ. ಧಾರವಾಡದ ಡಿಮ್ಹಾನ್ಸ್ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ನಮ್ಮ ಉಗಾರದಿಂದ ಅಲ್ಲಿಗೆ ಹೋಗಿಬರುವುದು ಆಗದ ಮಾತಲ್ಲ. ಅದಕ್ಕೂ ಮುಂಚೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಸಾಯುವ ಮಾತು ಆಡುತ್ತಿರುವವರು ಮನೆಯಲ್ಲಿದ್ದರೆ ಮುಂದಿನ ಜುಮಾವರೆಗೆ ಕಾಯಬೇಡಿ. ಇಂದೇ ಫೋನ್ ಮಾಡಿ, ಅವರನ್ನು ಒಬ್ಬರೇ ಬಿಡಬೇಡಿ.

ಮಗಳ ಮದುವೆಗೆ ಅಡ್ಡಿಯಾದೀತು, ಬೀಗರು ಏನಂದಾರು ಎಂದು ಬೇನೆ ಮುಚ್ಚಿಡುವ ಮನೆಗಳು ನಮ್ಮ ಓಣಿಯಲ್ಲೂ ಇವೆ. ಅವರ ಮರ್ಯಾದೆ ಕಾಯುವುದು ನಮ್ಮ ನಿಮ್ಮ ಹೊಣೆ. ಆಸ್ಪತ್ರೆಗೆ ಹೋದವರನ್ನು ‘ಹುಚ್ಚ’ ಎನ್ನದಿರುವುದೂ ಒಂದು ಸದಕಾ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ದೇಹದಲ್ಲೂ ಮನಸ್ಸಿನಲ್ಲೂ ಶಿಫಾ ದಯಪಾಲಿಸು. ಅವರನ್ನು ನೋಡಿಕೊಳ್ಳುವ ತಾಯಂದಿರಿಗೆ ಸಬ್ರ್ ಕೊಡು. ಮೋಸಗಾರರ ಕೈಯಿಂದ ನಮ್ಮನ್ನು ಕಾಪಾಡು. ಆಮೀನ್.